ಮಿಡತೆ ನೋಡದ ಜಿಗಿತ

ಊರಿನ ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿತ್ತು. ಅಲ್ಲಿ ಕೆಲಸ ಮಾಡುವ ಹೆಂಗಸರು ಅವಳನ್ನು ಮಿಡತೆ ಎಂದು ಕರೆಯುತ್ತಿದ್ದರು. ಕಡ್ಡಿಯಂಥ ಕಾಲು, ಅಗಲವಾದ ಭುಜ, ನಡೆಯುವಾಗ ಹಿಮ್ಮಡಿ ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎಂದು ಅನುಮಾನ ಬರಬೇಕು, ಹಾಗಿದ್ದಳು. ಪಾಳಿ ಮುಗಿದೊಡನೆ ಏಪ್ರನ್ ಕಳಚಿ ಗೂಟಕ್ಕೆ ಸಿಕ್ಕಿಸಿ ಮೈದಾನಕ್ಕೆ ಓಡುವ ಹುಡುಗಿಗೆ ಬೇರೆ ಹೆಸರು ಒಪ್ಪುತ್ತಲೂ ಇರಲಿಲ್ಲ.

ಅವಳ ಆಟ ಪೋಲ್‌ವಾಲ್ಟ್. ಬಾಗುವ ಉದ್ದ ಕೋಲು ಹಿಡಿದು ಓಡಿಬಂದು, ಅದರ ತುದಿಯನ್ನು ಗುಳಿಯಲ್ಲಿ ಊರಿ, ಬಿಲ್ಲಿನಂತೆ ಬಾಗಿದ ಕೋಲು ನೆಟ್ಟಗಾಗುವಾಗ ಅದರ ಜೊತೆಗೇ ತಲೆಕೆಳಗಾಗಿ ಮೇಲೇರಿ, ಎರಡು ಕಂಬಗಳ ಮೇಲೆ ಅಡ್ಡಲಾಗಿಟ್ಟ ಬಾರನ್ನು ಬೀಳಿಸದೆ ಆಚೆ ಇಳಿಯಬೇಕು. ಓಟದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬೇಕಾದಷ್ಟು ಎತ್ತರಕ್ಕೂ ಹೋಗುತ್ತಿದ್ದಳು. ಆದರೆ ಹಾಳಾದ ಬಾರ್ ಅವಳ ಹಿಂದೆಯೇ ಕೆಳಗೆ ಬರುತ್ತಿತ್ತು. ಮೆತ್ತೆಯ ಮೇಲೆ ಅಂಗಾತ ಬಿದ್ದು ಕಣ್ಣು ಬಿಟ್ಟರೆ ಕಂಬಗಳೆರಡೂ ಬೋಳಾಗಿ ನಿಂತಿರುತ್ತಿದ್ದವು.

"ಎಲ್ಲಿ ತಾಗ್ತು ಸಾರ್?" ಎಂದು ಕೂಗಿ ಕೇಳುತ್ತಿದ್ದಳು.

"ಎಲ್ಲೋ ತಾಗ್ತಮ್ಮ," ಎನ್ನುತ್ತಿದ್ದರು ಕೋಚ್. ಅವರ ಕಣ್ಣೆಲ್ಲ ಓಟಗಾರರ ಮೇಲೆ. ಜಿಗಿಯುವವರು ಅವರ ಪಾಲಿಗೆ ಕರೆಯದೆ ಬಂದ ನೆಂಟರು.

ಆ ಆಟದ ಕಷ್ಟವೇ ಅದು. ಮೇಲಿರುವವರಿಗೆ ತಮ್ಮ ಮೈ ತಮಗೆ ಕಾಣುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಆಗಿಹೋಗಿರುತ್ತದೆ. ಆದದ್ದೇನು ಎಂದು ಹೇಳಲು ಕೆಳಗೆ ಒಬ್ಬರು ಬೇಕು.

ಅವಳಿಗೆ ಹಾಗೆ ಹೇಳಿದವಳು ಬೇಕರಿಯವಳು. ಮಾರುಕಟ್ಟೆ ಬೀದಿಯ ಬೇಕರಿಯ ಮಗಳು, ಓರಗೆಯವಳೇ. ಅವಳೂ ಜಿಗಿಯುತ್ತಿದ್ದಳು. ಒಮ್ಮೆ ಮೆತ್ತೆಯ ಅಂಚಿನಾಚೆ ಬಿದ್ದು ಪಾದದ ಕೀಲು ಮುರಿಯಿತು, ಸೊಟ್ಟಗೆ ಕೂಡಿಕೊಂಡಿತು. ಇನ್ನು ಜಿಗಿಯುವ ಮಾತೇ ಬೇಡ ಎಂದರು ಡಾಕ್ಟರು. ಆದರೂ ಒಂದು ಸಂಜೆ ಕುಂಟುತ್ತ ಮೈದಾನಕ್ಕೆ ಬಂದಳು.

"ಮನೇಲಿ ಕೂತು ಏನ್ ಮಾಡ್ಲಿ? ಬ್ರೆಡ್ ತಿಂದು ತಿಂದು ನಾನೂ ಬ್ರೆಡ್ ಆಗ್ಲಾ?" ಎಂದು ಬಲಗಡೆಯ ಕಂಬದ ಪಕ್ಕ ನಿಂತಳು. ಮಿಡತೆ ಜಿಗಿದಳು. ಬಾರ್ ಬಿತ್ತು.

"ಲೇ, ಕಾಲನ್ನ ಬಾರಿನ ಕಡೆ ಯಾಕೆ ಬಿಡ್ತೀಯ? ಒದೆಯೋಕೆ ಹೋದೋಳ ಹಾಗೆ! ನೆಟ್ಟಗೆ ಆಕಾಶಕ್ಕೆ ಬಿಡು. ತಲೆಕೆಳಗಾಗಿ ಇನ್ನೊಂದು ಚೂರು ತಡ್ಕೊ."

"ತಡ್ಕೊಂಡ್ರೆ ಬಿದ್ದುಬಿಡ್ತೀನಿ ಅನ್ಸುತ್ತೆ ಕಣೇ."

"ಬೀಳಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಹಾಗಾಗಿದೆ ನಿನ್ನ ಕಥೆ."

ಅಂದಿನಿಂದ ಅವರದೇ ಒಂದು ಶಾಲೆ ನಡೆಯಿತು. ಬಾರಿಗೆ ಬದಲು ಎಲಾಸ್ಟಿಕ್ ದಾರ ಕಟ್ಟಿದರು. ತಾಗಿದರೂ ಬೀಳದ ದಾರ, ಹಾಗಾಗಿ ಹೆದರಿಕೆಯಿಲ್ಲ. ದೂರದಿಂದ ಓಡಿಬರುವುದು ಬಿಟ್ಟು ನಾಲ್ಕು ಹೆಜ್ಜೆಯ ಓಟದಲ್ಲೇ ಮತ್ತೆ ಮತ್ತೆ ದಾಟಿಸಿದಳು ಬೇಕರಿಯವಳು. ಕಾಲು ಆಚೆ ಹೋದ ಮೇಲೆ ಸೊಂಟ ಎತ್ತರದಲ್ಲೇ ಉಳಿಯಬೇಕು, ಮೈ ಬೋರಲು ಹಾಕಿದ ಬುಟ್ಟಿಯಂತೆ ಬಾರಿನ ಮೇಲೆ ಬಾಗಬೇಕು. ಅಷ್ಟು ಕೂಡಿಬಂದ ಮೇಲೆ ಉಳಿದದ್ದು ಎದೆ ಮತ್ತು ಕೈ. ಮಿಡತೆ ಬಾರ್ ಬಿತ್ತೋ ಎಂದು ಬಗ್ಗಿ ನೋಡುತ್ತಿದ್ದಳು. ನೋಡಿದ ಕೂಡಲೇ ಎದೆ ತಗ್ಗಿ ತಾಗುತ್ತಿತ್ತು.

"ನೋಡ್ಬೇಡ! ನೋಡೋಕೆ ನಾನಿಲ್ವಾ? ಹೆಬ್ಬೆರಳು ಒಳಗೆ ತಿರುಗಿಸು, ಮೊಣಕೈ ತಾನೇ ಹೊರಗೆ ಹೋಗುತ್ತೆ. ಎದೆ ಒಳಗೆ ಎಳ್ಕೊ. ಆಮೇಲೆ ಕೈ... ಓವನ್‌ನಲ್ಲಿ ಕಾದ ತಟ್ಟೆ ಮುಟ್ಟಿದ್ರೆ ಕೈ ಹೇಗೆ ಥಟ್ಟನೆ ಎಳ್ಕೊಳ್ತೀಯ? ಹಾಗೆ!"

ಬಾರ್ ನಿಲ್ಲತೊಡಗಿತು. ಪ್ರತಿ ಸಲವೂ ಮಿಡತೆ ಮೆತ್ತೆಯ ಮೇಲೆ ಬಿದ್ದಲ್ಲಿಂದಲೇ ಬಲಕ್ಕೆ ಕತ್ತು ತಿರುಗಿಸುವಳು. ಬೇಕರಿಯವಳು ಕೈಯಾಡಿಸುತ್ತ ಅವಳ ಜಿಗಿತವನ್ನು ಮೊದಲಿನಿಂದ ಕೊನೆಯವರೆಗೆ ಹೇಳುವಳು. ಕೇಳುತ್ತ ಕೇಳುತ್ತ ಮಿಡತೆಗೆ ತಾನು ಹಾರಿದ್ದು ಆಗ ಕಾಣುತ್ತಿತ್ತು. ಹಾರುವುದಕ್ಕಿಂತ ಆ ಕೇಳುವುದೇ ಹೆಚ್ಚು ಹಿತ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು.

ಒಂದು ಮಧ್ಯಾಹ್ನ ಬೇಕರಿಯವಳು ಆಸ್ಪತ್ರೆಯ ನೆಲಮಾಳಿಗೆಗೇ ಬಂದಳು. ಇಸ್ತ್ರಿ ಯಂತ್ರದಿಂದ ಬಿಸಿ ಹಾಸುಬಟ್ಟೆಗಳು ಹೊರಬರುತ್ತಿದ್ದವು. ಮಿಡತೆ ಒಂದು ತುದಿ ಹಿಡಿದಿದ್ದಳು. ಬೇಕರಿಯವಳು ಇನ್ನೊಂದು ತುದಿ ಹಿಡಿದು ಮಡಚುತ್ತ ಹತ್ತಿರ ಬಂದಳು.

"ಅಪ್ಪ ಬೇಕರಿ ಮಾರಿಬಿಟ್ರು. ಬಂದರಿನ ಊರಲ್ಲಿರೋ ಅಣ್ಣನ ಹತ್ರ ಹೋಗ್ತಿದ್ದೀವಿ. ನಾಳೆನೇ."

"ವಾಪಸ್ ಯಾವಾಗ ಬರ್ತೀಯ?"

"ಬರ್ತೀನಿ ಕಣೇ," ಎಂದಳು, ಯಾವಾಗ ಎಂದು ಹೇಳಲಿಲ್ಲ.

ಬೇಕರಿಯ ಜಾಗದಲ್ಲಿ ಚಪ್ಪಲಿ ಅಂಗಡಿ ಬಂತು. ಮೊದಮೊದಲು ಅವರಿವರ ಬಾಯಿಂದ ಸುದ್ದಿ ಬರುತ್ತಿತ್ತು. ಅಣ್ಣ ಮನೆ ಬದಲಿಸಿದ ಮೇಲೆ ಅದೂ ನಿಂತಿತು.

ಮರುವರ್ಷ ದೊಡ್ಡ ಕ್ರೀಡಾಕೂಟದಲ್ಲಿ ಮಿಡತೆ ಹಿಂದೆಂದೂ ದಾಟದ ಎತ್ತರಕ್ಕೆ ಬಾರ್ ಇಡಿಸಿದಳು. ಓಡಿದಳು, ಊರಿದಳು, ಮೇಲೇರಿದಳು, ತಡೆದುಕೊಂಡಳು. ಮುಂದಿನದು ಅವಳಿಗೆ ಗೊತ್ತಾಗಲಿಲ್ಲ. ಮೆತ್ತೆ ಬೆನ್ನಿಗೆ ತಾಗಿದಾಗ ಬಾರ್ ಅಲುಗಾಡದೆ ಅಲ್ಲೇ ಇತ್ತು. ಜನ ಚಪ್ಪಾಳೆ ತಟ್ಟಿದರು. ಅವಳ ಕತ್ತು ತಾನಾಗಿ ಬಲಕ್ಕೆ ತಿರುಗಿತು. ಅಲ್ಲಿ ಟೋಪಿ ಹಾಕಿದ ತೀರ್ಪುಗಾರರೊಬ್ಬರು ಬಿಳಿ ಬಾವುಟ ಎತ್ತಿ ನಿಂತಿದ್ದರು.

"ಹೇಗಿತ್ತು ಸಾರ್?"

"ದಾಟಿದ್ರಲ್ಲಮ್ಮ, ಇನ್ನೇನು?"

"ಅಲ್ಲ, ಹೇಗೆ ದಾಟಿದೆ?"

ಅವರು ಅವಳ ಮುಖವನ್ನೇ ನೋಡಿ, "ಮುಂದಿನವರು ಬನ್ನಿ," ಎಂದರು.

ಪದಕ ಸಿಕ್ಕಿತು. ಮನೆಗೆ ಬರುವ ಬಸ್ಸಿನಲ್ಲಿ ಅವಳು ಅತ್ತಳು. ಪಕ್ಕದಲ್ಲಿ ಕೂತವರು ಸಂತೋಷಕ್ಕೆ ಅಂದುಕೊಂಡರು.

ಆಮೇಲೆ ಲಿಫ್ಟ್ ಮೆಕ್ಯಾನಿಕ್ ಒಬ್ಬನ ಜೊತೆ ಮದುವೆಯಾಯಿತು. ಒಳ್ಳೆಯವನು, ಮಾತುಗಾರ. "ಮೇಲೆ ಹೋಗೋಕೆ ಕೋಲ್ಯಾಕೆ, ನಾನು ಲಿಫ್ಟ್ ಇಟ್ಕೊಂಡಿಲ್ವಾ?" ಎನ್ನುವನು. "ಬಾರ್ ದಾಟೋದು ನನಗೂ ಕಷ್ಟನೇ ಕಣೇ. ಸಂಜೆ ಮನೆಗೆ ಬರೋ ದಾರೀಲೇ ಒಂದಿದೆ," ಎನ್ನುವನು. ಅವಳು ನಗುತ್ತಿದ್ದಳು. ಮಗಳು ಹುಟ್ಟಿದಳು, ಬೆಳೆದಳು, ಓದಿದಳು. ಮೈದಾನ ದೂರವಾಯಿತು. ಆದರೂ ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಯ ಕೆಳಗೆ ಹೋಗುವಾಗ ಅವಳ ಎದೆ ತಾನಾಗಿ ಒಳಗೆ ಸೇದಿಕೊಳ್ಳುತ್ತಿತ್ತು. ಯಾರನ್ನೋ ಕೂಗಿ ಏನೋ ಕೇಳಬೇಕೆಂದು ಕತ್ತು ಬಲಕ್ಕೆ ತಿರುಗುತ್ತಿತ್ತು.

ತಲೆಯಲ್ಲಿ ಬಿಳಿಕೂದಲು ಇಣುಕುವ ವಯಸ್ಸಿನಲ್ಲಿ, ಭಾನುವಾರ ಬೆಳಿಗ್ಗೆ ವಯಸ್ಸಾದವರಿಗೂ ಮೈದಾನ ತೆರೆದಿರುತ್ತದೆ ಎಂದು ಅವಳ ಕಿವಿಗೆ ಬಿತ್ತು. ಮನೆಯಲ್ಲಿ ಹೇಳಿದಾಗ ಗಂಡ ಹೂಂ ಎಂದ. ಅತ್ತೆ ಮಾತ್ರ ಕನ್ನಡಕ ತೆಗೆದು ನೋಡಿದರು.

"ಈ ಮನೇಲಿ ಕೋಲು ಹಿಡಿಯೋ ವಯಸ್ಸಾಗಿರೋದು ನನಗಮ್ಮ, ನಿನಗಲ್ಲ."

"ಒಂದೇ ಒಂದ್ಸಲ ಅತ್ತೆ."

"ಹಾಗಾದ್ರೆ ನಾನೂ ಬರ್ತೀನಿ. ಮೂಳೆ ಮುರ್ಕೊಂಡ್ರೆ ಎತ್ಕೊಂಡು ಬರೋಕೆ ಯಾರಾದ್ರೂ ಬೇಕಲ್ಲ."

ಅತ್ತೆ ಜೀವಮಾನವಿಡೀ ದರ್ಜಿ ಕೆಲಸ ಮಾಡಿದವರು. ಬಲಗಡೆಯ ಕಂಬದ ಪಕ್ಕ ಕುರ್ಚಿ ಹಾಕಿಸಿ ಕೂತರು. ಮೊದಲ ಜಿಗಿತಕ್ಕೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು. ಎರಡನೆಯದಕ್ಕೆ ಒಂದು ಕಣ್ಣು ಬಿಟ್ಟರು. ಕೆಲವು ಭಾನುವಾರಗಳು ಕಳೆದ ಮೇಲೆ, ಬಾರ್ ಬಿದ್ದು ಸೊಸೆ ಮೆತ್ತೆಯ ಮೇಲೆ ಸುಮ್ಮನೆ ಮಲಗಿದ್ದಾಗ, ಅತ್ತೆ ತಾವಾಗಿ ಕೂಗಿದರು:

"ಎದೆ ಮುಂದೆ ಬಂತಲ್ಲೇ! ಕುಪ್ಪಸದ ಅಳತೆ ತಗೊಳ್ಳೋವಾಗ ಹುಡುಗೀರು ಉಬ್ಬಿಸ್ತಾರಲ್ಲ, ಹಾಗೆ!"

ಮಿಡತೆ ಥಟ್ಟನೆ ಎದ್ದು ಕೂತಳು. ಬಲಕ್ಕೆ ನೋಡಿದಳು. ಅತ್ತೆ ಕಂಡರು. ಅವಳ ಕಣ್ಣು ತುಂಬಿತು.

"ಯಾಕಮ್ಮ? ಪೆಟ್ಟಾಯ್ತಾ?"

"ಇಲ್ಲ ಅತ್ತೆ."

"ಮತ್ತೆ? ಬಿದ್ದಾಗಲೆಲ್ಲ ಇಲ್ಲಿ ಯಾರನ್ನೋ ಹುಡುಕ್ತೀಯ. ನನ್ನನ್ನಲ್ಲ, ಅಷ್ಟು ಗೊತ್ತಾಗುತ್ತೆ ನನಗೆ."

ಅವತ್ತು ಅವಳು ಬೇಕರಿಯವಳ ವಿಷಯ, ಯಾರೂ ನೋಡಿ ಹೇಳದ ಆ ಪದಕದ ಜಿಗಿತದ ವಿಷಯ ಎಲ್ಲ ಹೇಳಿದಳು. ಮನೆಗೆ ಬಂದದ್ದೇ ಅತ್ತೆ, ಆ ಬೇಕರಿಯವಳನ್ನು ಹುಡುಕಿಕೊಡು ಎಂದು ಮಗನ ಬೆನ್ನು ಹತ್ತಿದರು. ಮುಂದೆ ಬಂದರಿನ ಊರಿನಲ್ಲಿ ಲಿಫ್ಟ್ ಕೂರಿಸುವ ಕೆಲಸ ಬಂದಾಗ ಅವನು ಬಿಡುವಿದ್ದಾಗಲೆಲ್ಲ ಬೇಕರಿಗಳನ್ನು ಹುಡುಕಿಕೊಂಡು ಅಲೆದ. ವಾಪಸಾದವನು ಕೈಕಾಲು ತೊಳೆಯದೆ ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಒಂದು ಬೇಕರೀಲಿ ಕೆಲಸಕ್ಕಿದ್ರಂತೆ ಕಣೇ. ಕಾಲು ಎಳೆದು ನಡೆಯೋರು, ತುಂಬ ನಗಿಸೋರು ಅಂತ ಮುದುಕ ಮಾಲೀಕ ಹೇಳಿದ. ಗಂಡನ ಜೊತೆ ಹಡಗು ಹತ್ತಿ ಹೊರದೇಶಕ್ಕೆ ಹೋದ್ರಂತೆ. ಎಲ್ಲಿಗೆ ಅಂತ ಅವನಿಗೂ ಗೊತ್ತಿಲ್ಲ. ನಾನು... ಏನು ತರೋದು ಅಂತ ತಿಳೀಲಿಲ್ಲ," ಎಂದು ಆ ಬೇಕರಿಯ ಒಂದು ಬ್ರೆಡ್ಡನ್ನು ಮೇಜಿನ ಮೇಲಿಟ್ಟ.

"ನಗಿಸೋರು ಅಂದ್ನಾ?" ಎಂದು ಅವಳು ಎರಡು ಸಲ ಕೇಳಿದಳು.

ಆ ಭಾನುವಾರ ಅವಳು ಮೈದಾನಕ್ಕೆ ಹೋದಳು, ಜಿಗಿಯಲಿಲ್ಲ. ಮೆತ್ತೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು. ಅತ್ತೆ ಒಂದಿಷ್ಟು ಹೊತ್ತು ಗೊಣಗಿದರು, ಆಮೇಲೆ ಅವರೂ ಕುರ್ಚಿ ಬಿಟ್ಟು ಬಂದು ಸೊಸೆಯ ಪಕ್ಕ ಕೂತರು.

"ನಿನ್ನ ಆ ದೊಡ್ಡ ಜಿಗಿತ ಹೇಗಿತ್ತೋ ನನಗೆ ಗೊತ್ತಿಲ್ಲಮ್ಮ. ನಾನು ನೋಡ್ಲಿಲ್ಲ. ಸುಳ್ಳು ಯಾಕೆ ಹೇಳ್ಲಿ?"

"ನಾನೂ ನೋಡಿಲ್ಲ ಅತ್ತೆ," ಎಂದಳು ಮಿಡತೆ.

ಬಿಸಿಲು ಏರಿತು. ಮೈದಾನದ ಕಾವಲುಗಾರ ಮೆತ್ತೆಗೆ ಹೊದಿಸುವ ಹೊದಿಕೆ ಎಳೆದುಕೊಂಡು ಬಂದ. ಇಬ್ಬರೂ ಎದ್ದು, ಒಂದೊಂದು ಮೂಲೆ ಹಿಡಿದು ಅವನಿಗೆ ನೆರವಾದರು.