ಮದುವೆಯ ಕಟ್ಟು ಕಟ್ಟುತ್ತಿದ್ದ ಕೈ

ವಿದ್ಯೆ ಕಲಿಸಿದ ಗುರುಗಳಿಗೆ, ಊರು ಕಾಯುವ ತಾಯಿಗೆ, ನಮ್ಮ ಪುಟ್ಟ ಅಂಗಡಿಯ ಮೆಟ್ಟಿಲೇರಿ ನಮಗೆ ಅನ್ನವಿತ್ತ ಎಲ್ಲ ಗೃಹಸ್ಥರಿಗೆ ಮೊದಲು ಕೈಮುಗಿಯುತ್ತೇನೆ. ಇದನ್ನು ಬರೆಯುವಷ್ಟು ಆಯುಷ್ಯವನ್ನೂ ತಪ್ಪು ಒಪ್ಪಿಕೊಳ್ಳುವಷ್ಟು ಬುದ್ಧಿಯನ್ನೂ ದೇವರು ಕೊಟ್ಟಿದ್ದಾನೆ. ಎರಡನೆಯದು ತಡವಾಗಿ ಬಂತು.

ಶಿರಸಿ ಪೇಟೆಯ ಒಂದು ಓಣಿಯಲ್ಲಿ ನಾನೂ ನನ್ನ ಹೆಂಡತಿಯೂ ನಲವತ್ತು ವರ್ಷ ಗ್ರಂಧಿಗೆ ಅಂಗಡಿ ನಡೆಸಿದೆವು. ಪುರೋಹಿತರು ಬರೆದುಕೊಟ್ಟ ಪಟ್ಟಿ ಹಿಡಿದು ಸಿದ್ದಾಪುರ, ಯಲ್ಲಾಪುರ, ಬನವಾಸಿಯ ಕಡೆಯಿಂದ ಜನ ಬರುತ್ತಿದ್ದರು. ಪೂಜೆಗೆ, ಮದುವೆಗೆ, ತಿಥಿಗೆ ಬೇಕಾದುದನ್ನೆಲ್ಲ ನಾವು ಕಟ್ಟಿಕೊಡುತ್ತಿದ್ದೆವು. ಅಂಗಡಿ ತೆರೆದ ದಿನವೇ ಒಂದು ನೇಮ ಮಾಡಿಕೊಂಡಿದ್ದೆವು. ಅಪರಕಾರ್ಯದ ಸಾಮಗ್ರಿ ನನ್ನ ಕೈಯಿಂದ, ಮಂಗಳಕಾರ್ಯದ್ದು ಅವಳ ಕೈಯಿಂದ. ಬುಟ್ಟಿಗಳಲ್ಲಿ ಮೊದಲೇ ಕಟ್ಟಿಟ್ಟಿರುತ್ತಿದ್ದ ಪೊಟ್ಟಣಗಳನ್ನು ಅವಳು ಒಂದೊಂದಾಗಿ ಮೂಗಿನ ಹತ್ತಿರ ಹಿಡಿದು, ಅದು ಅದೇ ಎಂದು ಖಾತ್ರಿಯಾದ ಮೇಲೆಯೇ ಕಟ್ಟಿಗೆ ಸೇರಿಸುತ್ತಿದ್ದಳು. ಹಾಗಾಗಿ ಅವಳು ಕಟ್ಟಿಕೊಟ್ಟದ್ದನ್ನು ಯಾರೂ ಮನೆಯಲ್ಲಿ ಬಿಚ್ಚಿ ನೋಡುತ್ತಿರಲಿಲ್ಲ. ನೇರ ಮಂಟಪಕ್ಕೇ ಒಯ್ಯುತ್ತಿದ್ದರು.

ಹೋದ ವರ್ಷ ವೈಶಾಖದಲ್ಲಿ ಸಿದ್ದಾಪುರ ಸೀಮೆಯ ನಿಲ್ಕುಂದದ ಕಡೆಯ ಮನೆಯೊಂದಕ್ಕೆ ಮದುವೆಯ ಕಟ್ಟು ಹೋಯಿತು. ಮದುವೆ ಮುಗಿದು ವಾರವಾದ ಮೇಲೆ ವಧುವಿನ ಸೋದರಮಾವ ಅಂಗಡಿಗೆ ಬಂದ. ಬಹಳ ಕಾಲದ ಬಳಕೆಯವನು; ನಗುತ್ತಲೇ ನನ್ನ ಹೆಂಡತಿಯ ಎದುರಿನ ಬೆಂಚಿನ ಮೇಲೆ ಕುಳಿತ.

“ಅತ್ತಿಗೇ, ಮದುವೆ ಚಲೋ ಆತು. ಆದ್ರೆ ನಿನ್ನ ಮೂಗು ಅವತ್ತು ರಜೆ ಹಾಕಿತ್ತನೇ?”

“ಎಂತಕ್ಕೋ?”

“ಧಾರೆ ಹೊತ್ತಿಗೆ ಪುರೋಹಿತ್ರು ಜೀರಿಗೆ ಪೊಟ್ಟಣ ಬಿಚ್ಚಿದ್ರೆ ಒಳಗೆ ಕರಿ ಎಳ್ಳು!”

ವಧೂವರರು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ-ಬೆಲ್ಲ ಇಡುವ ಮುಹೂರ್ತ. ಆ ಬೊಗಸೆಗೆ ಪಿತೃಕಾರ್ಯದ ಎಳ್ಳು ಬಂದಿತ್ತು. ಪುರೋಹಿತರು ಮಂತ್ರ ನಿಲ್ಲಿಸದೆ ಕಣ್ಸನ್ನೆ ಮಾಡಿ, ಅಡುಗೆಮನೆಯಿಂದ ಜೀರಿಗೆ ತರಿಸಿದರಂತೆ.

“ಯಾರಿಗೂ ಗೊತ್ತಾಜಿಲ್ಲೆ. ಎದುರಿಗೇ ಕೂತಿದ್ದ ಮದುಮಗಳ ಅಜ್ಜಿ ಮಾತ್ರ ಕಂಡುಬಿಟ್ಟಳು. ಅವತ್ತು ಊಟ ಮಾಡಿದ್ದಿಲ್ಲೆ,” ಎಂದ.

ನನ್ನ ಹೆಂಡತಿ ಕೈಯಲ್ಲಿದ್ದ ದಾರವನ್ನು ಕೆಳಗಿಟ್ಟಳು. “ತಪ್ಪು ನನ್ನದೇ ತಮಾ. ಅಜ್ಜಿ ಹತ್ರ ಹೇಳು,” ಎಂದಳು.

ಅವನು ಹೋದ ಮೇಲೆ, ಅವಳು ಒಳಗೆ ನೀರು ಕುಡಿಯಲು ಹೋದಾಗ ನಾನು ಜೀರಿಗೆಯ ಬುಟ್ಟಿ ನೋಡಿದೆ. ತಳದಲ್ಲಿ ಇನ್ನೆರಡು ಎಳ್ಳಿನ ಪೊಟ್ಟಣಗಳಿದ್ದವು. ಎಲ್ಲ ನೆನಪಾಯಿತು. ಆ ಮದುವೆಗೆ ಮುಂಚೆ ಯಾರದೋ ತಿಥಿಗೆಂದು ಅವಸರದಲ್ಲಿ ಎಳ್ಳು ಕಟ್ಟಿದವನು ನಾನು. ಉಳಿದ ಪೊಟ್ಟಣಗಳನ್ನು ಕಣ್ತಪ್ಪಿ ಅವಳ ಜೀರಿಗೆ ಬುಟ್ಟಿಗೆ ಹಾಕಿದವನೂ ನಾನೇ. ಆ ಎರಡನ್ನು ಕಿಸೆಗೆ ಹಾಕಿಕೊಂಡೆ. ಶಾಸ್ತ್ರ ಓದಿದವನೆಂದು ಊರವರು ಸಂದೇಹ ಕೇಳಲು ಬರುವುದು ನನ್ನಲ್ಲಿಗೆ. ಆ ಗೌರವ ನನ್ನ ನಾಲಗೆಯನ್ನು ಕಟ್ಟಿತು.

ಅಂದು ಮನೆಗೆ ನಡೆಯುವಾಗ ಅವಳೇ ಹೇಳಿದಳು: “ಮಾಘದಲ್ಲಿ ಜ್ವರ ಬಂದು ಹೋದಾಗಿಂದ ಎನಗೆ ವಾಸನೆ ಗೊತ್ತಾಗ್ತಿಲ್ಲೆ. ಕರ್ಪೂರನೂ ಇಲ್ಲೆ, ತಳ ಹಿಡಿದ ಹಾಲೂ ಇಲ್ಲೆ.”

“ಎಂತಕ್ಕೆ ಹೇಳಿದ್ದಿಲ್ಲೆ?”

“ಹೇಳಿದ್ರೆ ಮನೇಲಿ ಕೂರು ಹೇಳ್ತಿದ್ರಿ. ಈಗ ಆನೇ ಕೂರ್ತೆ.”

ಮರುದಿನದಿಂದ ಅವಳು ಅಂಗಡಿಗೆ ಬರಲಿಲ್ಲ. ಕೇಳಿದವರಿಗೆಲ್ಲ, “ವಯಸ್ಸಾಯಿತಲ್ಲ, ವಿಶ್ರಾಂತಿ,” ಎನ್ನುತ್ತಿದ್ದೆ. ಮನೆಯಲ್ಲಿ ಅವಳು ಹೂವಿನ ಬತ್ತಿ ಹೊಸೆಯುತ್ತ, ಓಣಿಯಲ್ಲಿ ಯಾರಾದರೂ ಮದುವೆಯ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಐದಾರು ತಿಂಗಳು ಅದನ್ನು ನೋಡಿದೆ. ದಿನವೂ ಸಂಧ್ಯಾವಂದನೆಗೆ ಕುಳಿತಾಗ ಹೇಳಿಬಿಡಬೇಕೆನಿಸುತ್ತಿತ್ತು. ಎದ್ದ ಮೇಲೆ ಆ ಧೈರ್ಯ ಇರುತ್ತಿರಲಿಲ್ಲ.

ಕೊನೆಗೆ ಕಾರ್ತಿಕದ ಒಂದು ಬೆಳಿಗ್ಗೆ ಸಿದ್ದಾಪುರದ ಬಸ್ಸು ಹತ್ತಿ, ಅಲ್ಲಿಂದ ಆ ಮನೆಗೆ ಹೋದೆ. ಜಗುಲಿಯಲ್ಲಿ ಕುಳಿತಿದ್ದ ಅಜ್ಜಿಗೆ ನಮಸ್ಕರಿಸಿ ನಡೆದುದನ್ನು ನಡೆದಂತೆಯೇ ಹೇಳಿದೆ.

“ಮೊಮ್ಮಗಳು ಚಲೋ ಇದ್ದು. ಆ ಹೆದರಿಕೆ ಹೋತು,” ಎಂದರು. “ಆದ್ರೆ ನಿನ್ನ ತಪ್ಪನ್ನ ನಿನ್ನ ಹೆಂಡ್ತಿ ಹೊತ್ತುಕೊಂಡು ಕೂತಿದ್ದಲೋ. ಇಷ್ಟು ದಿನ ನಿಂಗೆ ಊಟ ಹೇಂಗೆ ಸೇರ್ತು?”

ಹೊರಡುವಾಗ ನನ್ನ ಹೆಂಡತಿಗೆಂದು ಅರಿಶಿನ-ಕುಂಕುಮ, ರವಿಕೆಯ ಕಣ ಕೊಟ್ಟರು.

ಅದನ್ನು ಅವಳ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಅವಳು ಕುಂಕುಮ ಹಚ್ಚಿಕೊಂಡಳು.

“ಎರಡು ಪೊಟ್ಟಣ ನಿಂಗ ಕಿಸೆಗೆ ಹಾಕಿಕೊಂಡಿದ್ದು ಆನು ಅವತ್ತೇ ಒಳಗಿಂದ ಕಂಡಿದ್ದೆ.”

“ಮತ್ತೆ ಕೇಳಿದ್ದಿಲ್ಲೆ?”

“ನಿಂಗಳೇ ಹೇಳ್ಲಿ ಅಂತ ಕಾದೆ.”

“ಹೇಳಿದೆನಲ್ಲ. ನಾಳೆ ಅಂಗಡಿಗೆ ಬಾ.”

“ಇಲ್ಲೆ,” ಎಂದಳು, ಕೋಪವಿಲ್ಲದೆ. “ಎಳ್ಳು ಹಾಕಿದ್ದು ನಿಂಗಳೇ ಸೈ. ಆದ್ರೆ ವಾಸನೆ ಗೊತ್ತಾಗದಿದ್ರೂ ಗೊತ್ತಾದವರ ಹಾಂಗೆ ಮೂಗಿಗೆ ಹಿಡಿದು ಕೊಟ್ಟಿದ್ದು ಆನು. ಇನ್ನೊಬ್ಬರ ಮನೆ ಮಂಗಳಕ್ಕೆ ಇನ್ನು ಕೈ ಹಾಕ್ತಿಲ್ಲೆ.”

ಈಗ ಮದುವೆಯ ಪಟ್ಟಿ ತಂದವರ ಎದುರಿಗೇ ಒಂದೊಂದು ಪೊಟ್ಟಣ ಬಿಚ್ಚಿ ತೋರಿಸಿ ಕಟ್ಟುತ್ತೇನೆ. ಅತ್ತಿಗೆ ಎಲ್ಲಿ ಎಂದರೆ, ವಿಶ್ರಾಂತಿ ಎನ್ನುವುದಿಲ್ಲ. ಆ ತಪ್ಪು ನನ್ನದು ಎಂದು ಮೊದಲು ಹೇಳಿ ಆಮೇಲೆ ಉಳಿದ ಮಾತು.

ಆ ವಧೂವರರು ನೂರ್ಕಾಲ ಬಾಳಲಿ. ಮಂತ್ರ ತಪ್ಪದಂತೆ ಮುಹೂರ್ತ ನಡೆಸಿದ ಪುರೋಹಿತರಿಗೆ, ನಗುತ್ತಲೇ ವಿಷಯ ತಿಳಿಸಿದ ಸೋದರಮಾವನಿಗೆ, ಗದರಿಸಿ ಕ್ಷಮಿಸಿದ ಅಜ್ಜಿಗೆ ಶುಭವಾಗಲಿ. ಅಷ್ಟು ಮನೆಗಳ ಮಂಗಳವನ್ನು ಕಟ್ಟಿಕೊಟ್ಟು ಬರಿಗೈಯಲ್ಲಿ ಅಂಗಡಿ ಇಳಿದ ನನ್ನವಳ ಮನಸ್ಸಿಗೆ ಭಗವಂತ ಸಮಾಧಾನವನ್ನು ಕರುಣಿಸಲಿ.