ಕಿವಿ ಅಂಗಪ್ಪನ್ ಮತ್ತು ಅಕ್ಕನ ಹರಳೆಣ್ಣೆ

ನನ್ನ ಸೋದರಮಾವ ಅಂಗಪ್ಪನ್ ಬಗ್ಗೆ ಬರೆಯಲು ಕೂತರೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ನಾಚಿಕೆ. ಸಿಟ್ಟು ಅವನ ಮೇಲೆ. ನಾಚಿಕೆಯಲ್ಲಿ ಮಾತ್ರ ನನ್ನದೂ ಒಂದು ಪಾಲಿದೆ. ನಮ್ಮ ಮನೆಯಲ್ಲಿ ಕನ್ನಡ ಆಡುತ್ತಿದ್ದೆವೇ ಹೊರತು ಅದರ ಅಕ್ಷರ ಯಾರಿಗೂ ಬರುತ್ತಿರಲಿಲ್ಲ. ನಾನು ಕಲಿತದ್ದು ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಮೇಲೆ. ಆದ್ದರಿಂದ ಇಲ್ಲಿ ಏನು ಬರೆದರೂ ಮಾಮ ಓದಲಾರ ಎಂಬ ಧೈರ್ಯ ನನಗಿದೆ.

ಮಾಮ ತಮಿಳುನಾಡಿನ ಮಡತ್ತುಕುಳಂನ ರೈತರ ಮನೆಯವನು. ಮೀಸೆ ಮೂಡುವ ಮೊದಲೇ, ಬಾವಿಯ ಆಯಿಲ್ ಎಂಜಿನ್ ಎಲ್ಲಿ ಗಾಳಿ ಎಳೆಯುತ್ತಿದೆ ಎಂದು ಬದುವಿನ ಮೇಲೆ ಕೂತೇ ಹೇಳುತ್ತಿದ್ದನಂತೆ. ಪಲ್ಲಡಂನಲ್ಲಿ ನಮ್ಮ ಅಪ್ಪ ತೀರಿಕೊಂಡಾಗ ನನಗೆ ಐದು ವರ್ಷ, ಅಮ್ಮ ರಾಮಾತಾಳ್‌ಗೆ ಇಪ್ಪತ್ತೆಂಟು. ಮನೆಯ ಹಿಂದೆ ತಗಡಿನ ಶೆಡ್ಡು, ಅದರಲ್ಲಿ ನಾಲ್ಕು ಪವರ್‌ಲೂಮ್. ಹೆಂಗಸು ನಡೆಸಲಾರಳು, ಮಾರಿಬಿಡು ಎಂದರು ಎಲ್ಲರೂ. ಮಾಮ ಒಂದು ಚೀಲ ಹೊತ್ತುಕೊಂಡು ಬಂದವನು ಹನ್ನೆರಡು ವರ್ಷ ಆ ಶೆಡ್ಡಿನಲ್ಲಿ ಅಕ್ಕನ ಪಕ್ಕ ನಿಂತ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದನ್ನು ಓದಿ ನೀವೂ ನನ್ನಂತೆ ಅವನನ್ನು ಬರೀ ಬೈಯುತ್ತೀರಿ.

ಮಗ್ಗ ಓಡುವಾಗ ಪಕ್ಕದವರ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ಅಲ್ಲಿ ಮಾತೆಲ್ಲ ತುಟಿಯಲ್ಲೇ. ನಾಲ್ಕನೇ ಮಗ್ಗ ನಡೆಸುತ್ತಿದ್ದ ಸಾಂತಿ ಅಲ್ಲಿಂದಲೇ ತುಟಿ ಅಲ್ಲಾಡಿಸಿ ಯಾರದೋ ಮನೆಯ ಗುಟ್ಟು ಹೇಳಿದರೆ ಮೊದಲನೆಯ ಮಗ್ಗದಲ್ಲಿ ಅಮ್ಮ ನಗುತ್ತಿದ್ದಳು. ಬೀದಿಯ ಸುದ್ದಿ ಸಾಂತಿಯ ಬಾಯಿಗೆ ಬಿದ್ದರೆ ಸಂಜೆಯೊಳಗೆ ಪಲ್ಲಡಂ ಸುತ್ತಿ ಬರುತ್ತಿತ್ತು. ನಾನೂ ಆ ಶೆಡ್ಡಿನಲ್ಲೇ ಬೆಳೆದವಳು, ಅಕ್ಷರಕ್ಕಿಂತ ಮೊದಲು ತುಟಿ ಓದಲು ಕಲಿತೆ. ಅಮ್ಮನಿಗೆ ನಲವತ್ತಾಗುವ ಹೊತ್ತಿಗೆ ಕಿವಿ ಮುಕ್ಕಾಲು ಹೋಗಿತ್ತು. ಮಗ್ಗದ ಹೆಂಗಸರಿಗೆ ಅದೊಂದು ದೊಡ್ಡ ವಿಷಯವಲ್ಲ. ಮುಖ ನೋಡಿ ಮಾತಾಡಿದರೆ ಆಯಿತು.

ಬೀದಿಯಲ್ಲಿ ಅಮ್ಮನಿಗೆ ಹೆಸರಿದ್ದದ್ದು ಮಗ್ಗದಿಂದಲ್ಲ, ಹರಳೆಣ್ಣೆಯಿಂದ. ಬೀಜ ಹುರಿದು, ಒರಳಲ್ಲಿ ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಲ್ಲಿ ತೆಗೆದು ಮತ್ತೆ ಕಾಯಿಸುವ ಹಳೆಯ ಕ್ರಮ ಅವಳದು. ನೀರಿನ ಪಸೆ ಹೋಯಿತೇ ಎಂದು ಉಳಿದವರು ಚಟಪಟ ಸದ್ದು ಕೇಳಿ ತಿಳಿಯುತ್ತಾರೆ. ಅಮ್ಮನಿಗೆ ಆ ಸದ್ದು ಕೇಳುತ್ತಿರಲಿಲ್ಲವಲ್ಲ, ಅವಳು ಹತ್ತಿಯ ಬತ್ತಿಯನ್ನು ಎಣ್ಣೆಗೆ ಅದ್ದಿ ಹಚ್ಚಿ ನೋಡುತ್ತಿದ್ದಳು. ಉರಿ ಸಿಡಿದರೆ ಇನ್ನೂ ನೀರಿದೆ, ನೆಟ್ಟಗೆ ನಿಂತರೆ ಇಳಿಸಬಹುದು. ನಮ್ಮ ಬೀದಿಯಲ್ಲಿ ಹುಟ್ಟಿದ ಕೂಸಿನ ನೆತ್ತಿಗೆ ಬೇರೆಯವರ ಎಣ್ಣೆ ಬೀಳುತ್ತಿರಲಿಲ್ಲ. ಹೆರಿಗೆಯಾದ ಮನೆಯವರು ಬಟ್ಟಲು ಹಿಡಿದು ಬಾಗಿಲಿಗೆ ಬಂದಾಗ ಅಮ್ಮ ಸೆರಗು ಸರಿಮಾಡಿಕೊಂಡು ಏಳುವ ಠೀವಿ ನೋಡಬೇಕಿತ್ತು.

ನಾನು ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗತೊಡಗಿದ ಮೇಲೆ, ೧೯೮೨ರಲ್ಲಿ, ಮಾಮ ಕೊಯಮತ್ತೂರಿನ ಒಂದು ಲೇತ್ ವರ್ಕ್‌ಷಾಪ್ ಸೇರಿದ. ಸಾಂತಿಯ ಗಂಡ ಮಯಿಲ್‌ಸಾಮಿಯೂ ಅಲ್ಲೇ ಕೆಲಸಕ್ಕಿದ್ದ. ಒಂದು ದಿನ ಅದೇ ಊರಿನ ಆರ್.ಎಸ್. ಪುರಂನ ಕೃಷ್ಣಸಾಮಿ ಎಂಬ ಮಿಲ್ ಮನೆತನದವರು ಮೊಳದುದ್ದದ ಕಾರೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಸಿಂಗಾಪುರದಿಂದ ತರಿಸಿದ್ದು. ಕೈಯಲ್ಲಿ ಹಿಡಿದ ರೇಡಿಯೋ ಪೆಟ್ಟಿಗೆಯ ಕಡ್ಡಿ ಅಲ್ಲಾಡಿಸಿದರೆ ಅದು ಓಡುತ್ತದೆ, ತಿರುಗುತ್ತದೆ. ಆಟದ ಸಾಮಾನು ಎಂದು ವರ್ಕ್‌ಷಾಪಿನವರೆಲ್ಲ ನಕ್ಕರು. ಆದರೆ ಒಳಗಿದ್ದದ್ದು ನಿಜವಾದ ಎಂಜಿನ್, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಅದಕ್ಕೆ ಪೆಟ್ರೋಲ್ ಆಗದು. ಮೆಥನಾಲ್ ಎಂಬ ಸ್ಪಿರಿಟ್ಟಿಗೆ ಉರಿ ಜೋರಾಗಲು ಒಂದಿಷ್ಟು ನೈಟ್ರೋ, ಒಳಗೆ ಸವೆಯದಿರಲು ಐದರಲ್ಲೊಂದು ಪಾಲು ಹರಳೆಣ್ಣೆ ಬೆರೆಸಿ ಕುಡಿಸಬೇಕು. ಕುಡಿದರೆ ನಿಮಿಷಕ್ಕೆ ಇಪ್ಪತ್ತು ಸಾವಿರ ಸುತ್ತು ತಿರುಗುತ್ತದೆ. ಕೃಷ್ಣಸಾಮಿಯವರ ಕೈಯಲ್ಲಿ ಮಾತ್ರ ಅದು ಎರಡು ಹೆಜ್ಜೆ ಓಡಿ ಕೆಮ್ಮಿ ನಿಲ್ಲುತ್ತಿತ್ತು.

ಆ ಎಂಜಿನ್ನಿಗೆ ಸೂಜಿಯಂಥ ಒಂದು ತಿರುಪು. ಬಿಚ್ಚಿದರೆ ಇಂಧನ ಹೆಚ್ಚು ಹೋಗುತ್ತದೆ, ಬಿಗಿದರೆ ಕಡಿಮೆ. ಹೆಚ್ಚಾದರೆ ಹೊಗೆ ಕಾರಿ ಮಂಕಾಗುತ್ತದೆ. ಕಡಿಮೆಯಾದರೆ ಹುಚ್ಚು ವೇಗ ಬರುತ್ತದೆ, ಆದರೆ ಎಣ್ಣೆ ಸಾಲದೆ ಕಾದು ಒಳಗೇ ಕಚ್ಚಿಕೊಂಡು ಸಾಯುತ್ತದೆ. ಮಾಮ ಕಣ್ಣು ಮುಚ್ಚಿಕೊಂಡು ಬಿಗಿಯುತ್ತ ಹೋಗಿ, ದನಿ ಇನ್ನು ಏರಲಾರದು ಎಂಬಲ್ಲಿ ನಿಲ್ಲಿಸಿ, ಅಲ್ಲಿಂದ ಕೂದಲೆಳೆಯಷ್ಟು ಹಿಂದಕ್ಕೆ ಬಿಚ್ಚುತ್ತಿದ್ದ. ಆಮೇಲೆ ಟ್ಯಾಂಕ್ ಖಾಲಿಯಾಗುವವರೆಗೂ ಕಾರು ನಿಲ್ಲುತ್ತಿರಲಿಲ್ಲ. ಇಂಥ ಕಾರಿಟ್ಟುಕೊಂಡ ನಾಲ್ಕಾರು ಸಿರಿವಂತರು ಅವನನ್ನು ಕಿವಿ ಅಂಗಪ್ಪನ್ ಎಂದು ಕರೆಯತೊಡಗಿದರು. ವಾರಕ್ಕೊಮ್ಮೆ ಪಲ್ಲಡಂನಲ್ಲಿ ಬಸ್ ಇಳಿದು ಬರುವಾಗ ಅಂಗಿಯ ಜೊತೆ ಆ ಹೆಸರನ್ನೂ ಇಸ್ತ್ರಿ ಮಾಡಿ ಹಾಕಿಕೊಂಡವನಂತೆ ನಡೆಯುತ್ತಿದ್ದ.

ಅಂಗಡಿಯ ಹರಳೆಣ್ಣೆ ಸರಿಯಿಲ್ಲ, ನಮ್ಮ ಅಕ್ಕನದು ಹಾಕಿ ನೋಡಿ ಎಂದು ಅವರಿಗೆ ಹೇಳಿದವನೂ ಮಾಮನೇ. ಅಂದಿನಿಂದ ತಿಂಗಳಿಗೊಂದು ಡಬ್ಬಿ ಆರ್.ಎಸ್. ಪುರಂಗೆ ಹೋಗುತ್ತಿತ್ತು. "ಕೂಸಿನ್ ನೆತ್ತಿಗೂ ನಂದೇ, ಕಾರಿನ್ ಒಟ್ಟೆಗೂ ನಂದೇ" ಎಂದು ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು.

೧೯೮೬ರ ಪೊಂಗಲ್ ಕಳೆದ ಎರಡನೇ ಭಾನುವಾರ ಮಿಲ್ಲಿನ ಮೈದಾನದಲ್ಲಿ ಪಂದ್ಯ. ಮದರಾಸಿನಿಂದ ಮೂವರು ಕಾರು ತಂದಿದ್ದರು. ಸೈಕಲ್ ಟೈರ್ ಜೋಡಿಸಿ ದಾರಿ ಮಾಡಿದ್ದರು. ಅರ್ಧ ಗಂಟೆ ನಿಲ್ಲದೆ ಓಡಬೇಕು. ಮಾಮ ನಮ್ಮಿಬ್ಬರನ್ನೂ ಕರೆದಿದ್ದ. ಅಮ್ಮ ಅರಿಶಿನ ಬಣ್ಣದ ಸೀರೆ ಉಟ್ಟು, ತನ್ನ ಎಣ್ಣೆ ಎಲ್ಲಿ ಹೋಗುತ್ತದೆ ನೋಡಬೇಕು ಎಂದು ಹೊರಟಳು. ಪಂದ್ಯಕ್ಕೆ ಮುಂಚೆ ಮಾಮ ತಿರುಪು ಬಿಗಿಯುವಾಗ ನಾನು ಹತ್ತಿರವೇ ನಿಂತಿದ್ದೆ. ಎಂಜಿನ್ನಿನ ಕೀಚಲಿಗೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಅವನು ಮಾತ್ರ ಇನ್ನೂ ಏನೋ ಬರಬೇಕು ಎಂಬಂತೆ ಮುಖ ಮಾಡಿಕೊಂಡು ಬಿಗಿಯುತ್ತಲೇ ಇದ್ದ. ದೊಡ್ಡ ಪಂದ್ಯ, ಏನೋ ಹೊಸ ಉಪಾಯವಿರಬೇಕು ಎಂದುಕೊಂಡೆ.

ಆಮೇಲೆ ನಾವಿಬ್ಬರೂ ಹಗ್ಗದಾಚೆ ಬೇವಿನ ಮರದ ಕೆಳಗೆ ಹೋಗಿ ನಿಂತೆವು. ಕೃಷ್ಣಸಾಮಿಯವರ ಕಾರು ಮದರಾಸಿನ ಮೂರನ್ನೂ ಹಿಂದೆ ಹಾಕಿ ಓಡುತ್ತಿತ್ತು. ಉಳಿದವುಗಳ ಹಿಂದೆ ಸಣ್ಣಗೆ ಹೊಗೆಯ ಎಳೆ, ಇದರ ಹಿಂದೆ ಏನೂ ಇಲ್ಲ. ಹನ್ನೆರಡು ನಿಮಿಷವಾಗಿರಬಹುದು. ನೇರ ದಾರಿಯ ನಡುವೆ ಕಟಕ್ ಎಂದಿತು, ಕಾರು ನಾಲ್ಕು ಪಲ್ಟಿ ಹೊಡೆದು ನಿಂತಿತು. ಎಂಜಿನ್ ಬಿಚ್ಚಿದರೆ ಪಿಸ್ಟನ್ ಕಚ್ಚಿಕೊಂಡಿತ್ತು, ಅದರ ರಾಡ್ ಎರಡು ತುಂಡಾಗಿತ್ತು.

ಕೃಷ್ಣಸಾಮಿಯವರು ಏನೋ ಕೇಳಿದರು. ಮಾಮ ಇಂಧನದ ಬಾಟಲಿಯನ್ನು ಎತ್ತಿ ಬಿಸಿಲಿಗೆ ಹಿಡಿದ. ನಮಗೂ ಅವರಿಗೂ ಐವತ್ತು ಹೆಜ್ಜೆ ದೂರ, ನಡುವೆ ಮೈಕಿನ ಗದ್ದಲ. ಅವನ ತುಟಿ ತಮಿಳಿನಲ್ಲಿ ಹೇಳಿತು: ಎಣ್ಣೆಯಲ್ಲಿ ನೀರಿದೆ ಸಾರ್. ನನ್ನ ಅಕ್ಕ ಸರಿಯಾಗಿ ಕಾಯಿಸಿಲ್ಲ. ಅವಳಿಗೆ ಕಿವಿ ಕೇಳುವುದಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಅಕ್ಕನನ್ನೇ ಡೊಂಕು ಮಾಡಿದ. ಹನ್ನೆರಡು ವರ್ಷ ಅವಳ ತುಟಿ ನೋಡಿ, ಅವಳಿಗೆ ತುಟಿ ತೋರಿಸಿ ಬದುಕಿದವನು. ಅವಳು ದೂರ ನಿಂತಿದ್ದಾಳೆ, ಕೇಳುವುದಿಲ್ಲ ಎಂದುಕೊಂಡು ಹೇಳಿಬಿಟ್ಟ. ಅವಳು ಕೇಳಬೇಕಾಗಿಯೇ ಇಲ್ಲ ಎಂಬುದು ಆ ಗಳಿಗೆಯಲ್ಲಿ ಮರೆತುಹೋಗಿತ್ತು.

ಕೃಷ್ಣಸಾಮಿಯವರು, ಮಯಿಲ್‌ಸಾಮಿ, ಸುತ್ತ ನಿಂತಿದ್ದ ಐದಾರು ಜನ ಎಲ್ಲರೂ ತಿರುಗಿ ಬೇವಿನ ಮರದ ಕಡೆ ನೋಡಿದರು. ಅಮ್ಮ ಅಲ್ಲಾಡದೆ ನಿಂತಿದ್ದಳು. ನಾನು ಅಮ್ಮನಿಂದ ಎರಡು ಹೆಜ್ಜೆ ಸರಿದು ನಿಂತೆ. ಇವಳ ಮಗಳಲ್ಲ ಅನ್ನಿಸಲಿ ಎಂದು ಸರಿದೆ, ಬೇರೆ ಕಾರಣವಿರಲಿಲ್ಲ. ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಮಯಿಲ್‌ಸಾಮಿ ಹೆಂಡತಿಗೆ ಹೇಳಿದ, ಸಾಂತಿ ಬೀದಿಗೆ ಹೇಳಿದಳು. ಮುಂದಿನ ತಿಂಗಳು ಮೂರನೇ ಮನೆಯಲ್ಲಿ ಹೆರಿಗೆಯಾಯಿತು. ಅಮ್ಮ ಬಾಗಿಲಲ್ಲಿ ಕೂತು ಕಾದಳು. ಬಟ್ಟಲು ಬರಲಿಲ್ಲ, ಆ ಮನೆಯವರು ಅಂಗಡಿಯಿಂದ ಸೀಸೆ ತಂದಿದ್ದರು. ಅಮ್ಮ ಎಣ್ಣೆ ಕಾಯಿಸುವ ಮಡಕೆಯನ್ನು ತೊಳೆದು ಅಟ್ಟಕ್ಕೆ ಹಾಕಿದಳು. ನೀನ್ಯಾಕೆ ಮಾಮನನ್ನು ಹಿಡಿದು ಕೇಳಲಿಲ್ಲ ಎಂದು ನಾನು ರೇಗಿದರೆ "ಇರ್ಲಿ ಬುಡು" ಎನ್ನುತ್ತಿದ್ದಳು. ವಾರವಾರ ಬರುತ್ತಿದ್ದ ಮಾಮ ಒಂಬತ್ತು ತಿಂಗಳು ನಮ್ಮ ಕಡೆ ತಲೆ ಹಾಕಲಿಲ್ಲ.

ದೀಪಾವಳಿಗೆ ಮಾತ್ರ ಬರದೆ ಇರಲಾಗುವುದಿಲ್ಲ. ಹಬ್ಬದ ಬೆಳಿಗ್ಗೆ ತಮ್ಮನ ತಲೆಗೆ ಅಕ್ಕ ಹರಳೆಣ್ಣೆ ಇಡುವುದು ನಮ್ಮ ಮನೆಯ ಪದ್ಧತಿ. ಮಾಮ ಬಂದು ಹಲಗೆಯ ಮೇಲೆ ತಲೆ ತಗ್ಗಿಸಿ ಕೂತ. ಅಮ್ಮ ಒಳಗಿನಿಂದ ಒಂದು ಸೀಸೆ ತಂದಳು. ಆ ಜನವರಿಯಲ್ಲಿ ಆರ್.ಎಸ್. ಪುರಂಗೆ ಕಳಿಸಿ ಉಳಿದಿದ್ದ ಎಣ್ಣೆ ಅದು. ಒಂದು ಬತ್ತಿ ಅದ್ದಿ, ಹಚ್ಚಿ, ಅವನ ಕಾಲ ಬಳಿ ಇಟ್ಟಳು. ಉರಿ ನೆಟ್ಟಗೆ ನಿಂತಿತು. ಮಾಮ ಅದನ್ನೇ ನೋಡುತ್ತ ಕೂತ.

ಅಮ್ಮ ಅವನ ಬೆನ್ನ ಹಿಂದೆ ನಿಂತು ನೆತ್ತಿಗೆ ಎಣ್ಣೆ ತಟ್ಟುತ್ತ ಕೇಳಿದಳು, "ಎಣ್ಣೇಲಿ ನೀರಿತ್ತಾ ಅಂಗಪ್ಪಾ?"

ಅವನು ಉತ್ತರ ಕೊಡಲಿಲ್ಲ. ಅಮ್ಮ ಇನ್ನೊಮ್ಮೆ, ದನಿ ತಗ್ಗಿಸಿ ಕೇಳಿದಳು. ಮೂರನೇ ಸಲ ಇನ್ನೂ ಮೆಲ್ಲಗೆ. ಬಾಗಿಲಲ್ಲಿ ನಿಂತಿದ್ದ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅವನು ಬತ್ತಿ ನೋಡುತ್ತಲೇ ಇದ್ದ. ನಾಚಿಕೆಯಿಂದ ಸುಮ್ಮನಿದ್ದಾನೆ ಎಂದು ನಾನು ತಿಳಿದೆ. ಅಮ್ಮ ಹಾಗೆ ತಿಳಿಯಲಿಲ್ಲ. ಮುಂದೆ ಬಂದು, ಎಣ್ಣೆಗೈಯಿಂದ ಅವನ ಗಲ್ಲ ಎತ್ತಿ, ತನ್ನ ಬಾಯಿ ಕಾಣುವಂತೆ ನಿಂತಳು.

"ಯಾವಾಗಿಂದ ಕೇಳ್ಸಲ್ಲ?"

ಮಾಮ ತಕ್ಷಣ ಅಳತೊಡಗಿದ. "ಎಲ್ಡು ವರ್ಸ ಆಯ್ತಕ್ಕಾ. ದಪ್ಪ ಸದ್ದು ಕೇಳ್ಸ್ತದೆ. ಸಣ್ಣ ಕೀಚ್ಲು, ಮೆಲ್ಲನ್ ಮಾತು ಕೇಳ್ಸಲ್ಲ. ಬಿಗೀತಾ ಓದೆ, ದನಿ ಇನ್ನೂ ಏರ್ಲಿಲ್ಲ ಅಂದ್ಕೊಂಡೆ. ನಿಜ ಯೋಳಿದ್ರೆ ಆಮೇಲ್ ನಂಗೆ ಯಾವ ಎಸ್ರು ಉಳೀತದೆ?"

"ಅದಕ್ಕೆ ನನ್ ಎಸ್ರು ಕೆಡಿಸ್ದಾ?"

ಅಮ್ಮ ಅವನ ಎರಡೂ ಕಿವಿಗೆ ಒಂದೊಂದು ತೊಟ್ಟು ಎಣ್ಣೆ ಸವರಿದಳು.

"ಆ ಮೈದಾನದಲ್ಲೇ ಗುಮಾನಿ ಬಂತು. ಅವ್ರು ಮಾತಾಡೋವಾಗ ನಿನ್ ಕಣ್ಣು ಅವ್ರ ಬಾಯ್ ಮೇಲಿತ್ತು. ನಮ್ ಸೆಡ್ಡಿನೋರ್ ನೋಡೋ ಅಂಗೆ ನೋಡ್ತಿದ್ದೆ. ನಿನ್ ಕಿವಿ ಓಗಿದ್ದು ನನ್ ಮಗ್ಗದಲ್ಲಿ. ಅದಕ್ಕೇ ಒಂಬತ್ತು ತಿಂಗ್ಳು ಸುಮ್ಕಿದ್ದೆ. ಕಿವಿ ಓದ್ರೆ ಕಣ್ಣಲ್ ನೋಡೋದ್ ಕಲೀಬೇಕು, ನಾನ್ ಕಲ್ತಿಲ್ವಾ? ಆದ್ರೆ ನನ್ ಎಣ್ಣೇಲಿ ನೀರಿರ್ಲಿಲ್ಲ. ಓಗಿ ಅವ್ರಿಗೆ ಯೋಳು."

ಹಬ್ಬದ ಮರುದಿನ ಮಾಮ ಆರ್.ಎಸ್. ಪುರಂಗೆ ಹೋದ. ಕೃಷ್ಣಸಾಮಿಯವರು ವರಾಂಡದಲ್ಲಿ ಹೊಸ ನಾಯಿಮರಿಗೆ ಹಾಲು ಹಾಕುತ್ತಿದ್ದರಂತೆ. ಕಾರು ಆ ಪಂದ್ಯದ ನಂತರ ಪೆಟ್ಟಿಗೆ ಬಿಟ್ಟು ಹೊರಬಂದಿರಲಿಲ್ಲ. ಮಾಮ ಕೈಕಟ್ಟಿ ನಿಂತು, ತನ್ನ ಕಿವಿಯ ವಿಷಯ, ತಿರುಪಿನ ವಿಷಯ, ಅಕ್ಕನ ವಿಷಯ ಎಲ್ಲ ಹೇಳಿದ. ಅವರು ತಲೆಯೆತ್ತಿ ಕೇಳಿದ್ದು ಒಂದೇ ಮಾತು, "ಯಾವ ಎಣ್ಣೆ?"

ಅವರಿಗೆ ನೆನಪೇ ಇರಲಿಲ್ಲ. ಯಾರ ಮುಂದೆ ಮಾನ ಉಳಿಸಿಕೊಳ್ಳಲು ಅಕ್ಕನ ಮಾನ ಕಳೆದಿದ್ದನೋ ಅವರು ಅದನ್ನು ನಾಯಿಮರಿ ಬರುವ ಮೊದಲೇ ಮರೆತಿದ್ದರು. ಮಾಮ ಇದನ್ನು ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ, ಅದೂ ನೆಲ ನೋಡಿಕೊಂಡು.

ಅವತ್ತು ಅವನು ಬಸ್ ಇಳಿದವನೇ ಮನೆಯೊಳಕ್ಕೆ ಬರದೆ ನೇರವಾಗಿ ಶೆಡ್ಡಿಗೆ ಬಂದ. ಹಬ್ಬದ ಮೇಲೆ ನೂಲು ತುಂಬಿ ನಾಲ್ಕು ಮಗ್ಗವೂ ಓಡುತ್ತಿದ್ದವು, ತಗಡು ಅದುರುತ್ತಿತ್ತು. ನನಗೆ ರಜೆ, ನೂಲಿನ ಉಂಡೆ ಜೋಡಿಸುತ್ತ ಮೂಲೆಯಲ್ಲಿ ಕೂತಿದ್ದೆ. ಮಾಮ ನಡುವಿನ ದಾರಿಯಲ್ಲಿ, ಎಲ್ಲರಿಗೂ ಮುಖ ಕಾಣುವಲ್ಲಿ ಬಂದು ನಿಂತ. ದನಿ ಮಾಡಲಿಲ್ಲ, ಮಾಡಿದ್ದರೂ ವ್ಯರ್ಥ. ಶೆಡ್ಡಿನ ರೀತಿಯಲ್ಲೇ, ತುಟಿಯನ್ನು ನಿಧಾನವಾಗಿ, ದೊಡ್ಡದಾಗಿ ಬಿಡಿಸಿದ.

"ಅಕ್ಕನ್ ಎಣ್ಣೇಲಿ ನೀರಿರ್ಲಿಲ್ಲ. ನಂಗೇ ಕಿವಿ ಕೇಳ್ಸಲ್ಲ. ನಾನ್ ಸುಳ್ ಯೋಳ್ದೆ."

ಎರಡನೇ ಮತ್ತು ಮೂರನೇ ಮಗ್ಗದ ಹೆಂಗಸರು ಕೈ ನಿಲ್ಲಿಸಿ ಅಮ್ಮನನ್ನು ನೋಡಿದರು. ಸಾಂತಿ ಆ ಕಡೆ ತಿರುಗಿ ಹರಿದ ಎಳೆಗೆ ಗಂಟು ಹಾಕುತ್ತಿದ್ದಳು. ಅಮ್ಮನ ಕಣ್ಣಲ್ಲಿ ನೀರು ತುಂಬಿತ್ತು. ಅವಳು ಅದನ್ನು ಒರೆಸಿಕೊಳ್ಳದೆ ನಾಲ್ಕನೇ ಮಗ್ಗದ ಕಡೆ ಗಲ್ಲ ತೋರಿಸಿದಳು.

"ಸಾಂತಿ ನೋಡ್ಲಿಲ್ಲ. ಇನ್ನೊಂದ್ ಸಲ ಯೋಳು."

ಮಾಮ ಮಗ್ಗ ಬಳಸಿಕೊಂಡು ಹೋಗಿ ಸಾಂತಿಯ ಎದುರು ನಿಂತು ಮೊದಲಿನಿಂದ ಹೇಳಿದ. ಅವನು ಮುಗಿಸುವವರೆಗೆ ಕಾದು ಅಮ್ಮ ನನ್ನ ಕಡೆ ತಿರುಗಿದಳು. ಕೋಪದಿಂದ ನೋಡಲಿಲ್ಲ, ಸುಮ್ಮನೆ ನನ್ನ ಬಾಯಿಯನ್ನು ನೋಡುತ್ತ ನಿಂತಳು. ಬೇವಿನ ಮರದ ಕೆಳಗೆ ನಾನು ಸರಿದ ಆ ಎರಡು ಹೆಜ್ಜೆ ಅವಳಿಗೂ ಕಂಡಿತ್ತು. ನಾನು ತುಟಿ ಬಿಗಿದು, ಉಂಡೆ ಎಣಿಸುವವಳಂತೆ ಬಗ್ಗಿದೆ.