ಆ ನೀರಿನ ಕೆಳಗೆ ಯಾವ ಊರು

ನೈನಿತಾಲಿಗೆ ಹೋಗೋಣ ಎಂದವನು ನನ್ನ ತಮ್ಮ. ಬೆಟ್ಟದ ಮೇಲೆ ಸುತ್ತಮುತ್ತ ಹಲವು ಸರೋವರಗಳಿವೆ, ಮೇ ರಜೆಯಲ್ಲಿ ಅವನ್ನೆಲ್ಲ ನೋಡಿಕೊಂಡು ಬರೋಣ, ಅವ್ವನನ್ನೂ ಕರೆದುಕೊಂಡು ಹೋಗೋಣ ಎಂದ. ಅವನೂ ಅವನ ಹೆಂಡತಿಯೂ ಕಾಂದಿವಲಿಯಲ್ಲಿರುತ್ತಾರೆ. ಅವ್ವ ವಡಾಲದಲ್ಲಿ ನಮ್ಮ ಜೊತೆ. ಮುಂಬೈಗೆ ಬಂದ ಮೇಲೆ ಅವಳು ಸುಖಕ್ಕೆಂದು ಎಲ್ಲಿಗೂ ಹೋದವಳಲ್ಲ.

ಮಾತು ಶುರುವಾದ ದಿನದಿಂದಲೇ ನನಗೆ ಅವ್ವನ ಉಸಿರಿನದೇ ಚಿಂತೆ. ವರ್ಷಗಟ್ಟಲೆ ಬಿಲ್ಡಿಂಗ್ ಕೆಲಸದಲ್ಲಿ ಸಿಮೆಂಟು ಹೊತ್ತ ಅವ್ವನಿಗೆ ಮಳೆಗಾಲ ಬಂತೆಂದರೆ ಉಸಿರು ಕಟ್ಟುತ್ತದೆ. ಅಷ್ಟು ಎತ್ತರದಲ್ಲಿ ಏನಾದರೂ ಆದರೆ? ಅಲ್ಲಿ ಆಸ್ಪತ್ರೆ ಎಷ್ಟು ದೂರವೋ, ದಾರಿಯಲ್ಲಿ ಗಾಡಿಗಳ ಸಾಲು ನಿಂತುಬಿಟ್ಟರೋ? ಲೋಕಲ್‌ನಲ್ಲಿ ನೇತಾಡಿಕೊಂಡು ಹೋಗುವಾಗಲೂ ಅದನ್ನೇ ಯೋಚಿಸುತ್ತಿದ್ದೆ. ಕೊನೆಗೆ ಅವಳನ್ನು ಪರೇಲಿನ ಡಾಕ್ಟರ ಬಳಿ ಕರೆದೊಯ್ದೆ. ಅವರು ಎದೆ ಪರೀಕ್ಷಿಸಿ, ಹೋಗಲು ಅಡ್ಡಿಯಿಲ್ಲ, ತಲುಪಿದ ದಿನ ಓಡಾಡದೆ ಮಲಗಲಿ, ಔಷಧಿ ಕೈಯಲ್ಲೇ ಇರಲಿ ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಅವ್ವ, "ನಾ ಬರಂಗಿಲ್ಲ. ನೀವು ಹೋಗಿ ಬರ್ರಿ" ಎಂದಳು.

"ಯಾಕವ್ವಾ? ಡಾಕ್ಟರ್ ಹೂಂ ಅಂದ್ರಲ್ಲ?"

"ಬರಂಗಿಲ್ಲ ಅಂದ್ರ ಬರಂಗಿಲ್ಲ."

ಅಂದಿನಿಂದ ಅವಳ ಮಾತು ಕಡಿಮೆಯಾಯಿತು. ತಟ್ಟೆಯಲ್ಲಿ ರೊಟ್ಟಿ ಹಾಗೇ ಉಳಿಯತೊಡಗಿತು. ಏನೋ ನೋವಿದೆ, ನಮಗೆ ಹೇಳದೆ ನುಂಗಿಕೊಳ್ಳುತ್ತಿದ್ದಾಳೆ ಎಂದೇ ನಾನು ಗಟ್ಟಿಮಾಡಿಕೊಂಡೆ. ಅವಳು ಕೆಮ್ಮಿದರೆ ಸಾಕು, ಅಡುಗೆಮನೆಯಿಂದ ಓಡಿಬರುತ್ತಿದ್ದೆ. ತಮ್ಮ ಫೋನಿನಲ್ಲಿ ಅವಸರ ಮಾಡುತ್ತಿದ್ದ. "ಅಕ್ಕಾ, ಮುಂದ ಟಿಕೆಟ್ ಸಿಗಂಗಿಲ್ಲ. ಅವ್ವಗ ಕೇಳಿ ಇವತ್ತ ಹೇಳು."

ಒಂದು ಸಂಜೆ ನನ್ನ ಮಗಳು ಅಜ್ಜಿಯ ಪಕ್ಕ ಕುಳಿತು ಮೊಬೈಲಿನಲ್ಲಿ ಸರೋವರದ ವಿಡಿಯೊ ತೋರಿಸುತ್ತಿದ್ದಳು. ಅವ್ವ ಬಹಳ ಹೊತ್ತು ಅದನ್ನೇ ನೋಡಿ ಕೇಳಿದಳು: "ಇದರ ತೆಳಗ ಯಾವ ಊರೈತಿ?"

ನೀರಿನ ಕೆಳಗೆ ಊರೇ ಎಂದು ಮಗಳು ನಕ್ಕಳು. "ನೀಚೇ ಗಾಂವ್ ಕೈಸೇ ಹೋಗಾ, ಅಜ್ಜಿ? ಬರೀ ನೀರು."

ನಾನು ನಗಲಿಲ್ಲ. ಕೃಷ್ಣೆಗೆ ಅಣೆಕಟ್ಟು ಕಟ್ಟಿ ಹಿನ್ನೀರು ನಮ್ಮ ಊರಿಗೆ ಬಂದಾಗ ನಾನು ಈಗಿನ ನನ್ನ ಮಗಳಷ್ಟಿದ್ದೆ. ತಮ್ಮ ಇನ್ನೂ ಅವ್ವನ ಕಂಕುಳಲ್ಲಿದ್ದ. ಬಾಗಿಲು, ಜಂತಿಗಳನ್ನು ಕಿತ್ತು ಟ್ರಾಕ್ಟರಿಗೆ ಹೇರುತ್ತಿದ್ದಾಗ ಅವ್ವ ಮನೆಯ ಕಸ ಗುಡಿಸುತ್ತಿದ್ದಳು. ಬಿಟ್ಟುಹೋಗುವ ಮನೆಯ ಕಸ ಯಾಕೆ ಗುಡಿಸುತ್ತೀ ಎಂದು ಅಪ್ಪ ರೇಗಿದ್ದ. ಮುಂಬೈಗೆ ಬಂದ ಮೇಲೆ ಅಪ್ಪ ಗೌಂಡಿ ಕೆಲಸ ಹಿಡಿದ, ಅವ್ವ ಸಿಮೆಂಟು ಹೊತ್ತಳು. ಅಪ್ಪ ತೀರಿಕೊಳ್ಳುವವರೆಗೂ ಇಬ್ಬರೂ ಆ ಊರಿನ ಮಾತೆತ್ತಲಿಲ್ಲ. ಅವ್ವನ ಮಟ್ಟಿಗೆ ನಿಂತ ನೀರೆಂದರೆ ಅದೊಂದೇ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಭಾನುವಾರ ತಮ್ಮ ಬಂದಾಗ ಊರು ಮುಳುಗಿದ ವಿಷಯ ಹೇಳಿದೆ. ಅವನ ಮುಖ ಇಳಿದುಹೋಯಿತು. "ನನಗ್ಯಾಕ ಯಾರೂ ಹೇಳಲಿಲ್ಲ?"

"ನೀ ಕೂಸಿದ್ದಿ. ಏನಂತ ಹೇಳೂದು?" ಎಂದಳು ಅವ್ವ.

"ಹಂಗಾರ ಬ್ಯಾಡ ಬಿಡವ್ವಾ. ಮಹಾಬಳೇಶ್ವರಕ್ಕ ಹೋಗೂಣು."

"ವಹಾಂ ಭೀ ಲೇಕ್ ಹೈ, ಮಾಮಾ," ಎಂದಳು ಮೊಬೈಲು ಹಿಡಿದಿದ್ದ ಮಗಳು. "ಔರ್ ವೋ ಬನಾಯಾ ಹುವಾ ಹೈ." ಅಲ್ಲಿಯ ಕೆರೆ ಜನ ಕಟ್ಟಿದ್ದಂತೆ.

ಅವ್ವ ಅವಳ ಕಡೆ ತಿರುಗಿದಳು. "ಮತ್ತ ಆ ನೈನಿತಾಲಂದು? ಅದನ್ನ ಯಾರೂ ಕಟ್ಟಿಲ್ಲೇನು?"

ಮಗಳು ಕನ್ನಡದ ಮಾತುಗಳನ್ನು ಒಂದೊಂದಾಗಿ ಹುಡುಕಿಕೊಂಡಳು. "ಇಲ್ಲ ಅಜ್ಜಿ. ಅದು... ಮೊದಲಿಂದ ಇದೆ. ಅದಕ್ಕೆ... ಯಾರೂ ಮನೆ ಬಿಡಲಿಲ್ಲ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಬರ್ತೀನಿ. ಆದ್ರ ದೋಣ್ಯಾಗ ಕೂಡಂಗಿಲ್ಲ."

ಹೋದೆವು. ತಿರುವುಗಳ ದಾರಿಯಲ್ಲಿ ವಾಂತಿ ಮಾಡಿಕೊಂಡವಳು ನಾನು. ಅವ್ವನಿಗೆ ಏನೂ ಆಗಲಿಲ್ಲ. ಆದರೂ ಅವಳ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಮರುದಿನ ತಮ್ಮ ನನ್ನ ಮಗಳೊಡನೆ ದೋಣಿ ಹತ್ತಿದ. ಕಿತ್ತಳೆ ಬಣ್ಣದ ಜಾಕೆಟ್ಟುಗಳು ದೂರ ಹೋಗಿ ಚುಕ್ಕಿಗಳಾದವು. ನನ್ನ ಗಂಡ ಬೆಂಚು ತೋರಿಸಿದರೂ ಅವ್ವ ಕೂರಲಿಲ್ಲ. ದಡದ ಕಂಬಿ ಹಿಡಿದು ನಿಂತೇ ಇದ್ದಳು. ಅವಳ ಪಕ್ಕದಲ್ಲಿ ನಾನೂ ನಿಂತೆ.

ದೋಣಿ ದಡ ಸೇರಿತು. ತಮ್ಮ ನಗುತ್ತಾ ಇಳಿದ. ಅವ್ವ ಮುಂದೆ ಹೋಗಿ ಅವನ ಒದ್ದೆ ಕೈಗಳನ್ನು ತನ್ನ ಸೆರಗಿನಲ್ಲಿ ಒರೆಸಿದಳು.

"ಥಂಡಿ ಆಗೈತಿ. ನಡಿ, ಚಾ ಕುಡ್ಯೂಣು," ಎಂದಳು.